ಫೈರ್ ಇಂಜಿನ್ ಬಂತು, ನೀರು ಎಲ್ಲಿ?

ಮಾನ್ಯ ಸಂಪಾದಕರೆ,

ಶಿವರಾತ್ರಿ ಕಳೆದ ವಾರ ನಮ್ಮ ಮನೆಯ ಹುಲ್ಲಿನ ಗೊಣಬೆ, ಅಂದರೆ ಬಣವೆ, ಸುಟ್ಟುಹೋಯಿತು. ಬೆಂಕಿ ಕೊಟ್ಟವನು ನಾನೇ. ಹುಲ್ಲು ಬೆಳೆಯುವ ಬೇಣದ ಅಂಚಿನ ಒಣ ದರಗೆಲೆ ಗುಡಿಸಿ, ಗಾಳಿ ಇಲ್ಲವೆಂದು ಕಡ್ಡಿ ಗೀರಿದೆ. ಒಂದು ಕವಳ ಹಾಕುವಷ್ಟರಲ್ಲಿ ಗಾಳಿ ತಿರುಗಿತ್ತು. ಯಾರನ್ನಾದರೂ ದೂರುವುದಿದ್ದರೆ ಮೊದಲು ನನ್ನನ್ನೇ ದೂರಬೇಕು.

ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಹಕ್ಕಲಿನ ನೇರಳೆ ಮರದ ಬುಡದಲ್ಲಿ ಮಾತ್ರ. ಮಗ ಅಲ್ಲಿಗೆ ಓಡಿ 112ಕ್ಕೆ ಫೋನ್ ಹಚ್ಚಿದ. ಊರ ಹೆಸರು ಹೇಳಿದರೆ ಆ ಕಡೆಯವರು ‘ಯಾವ ಹೊಸಳ್ಳಿ?’ ಎಂದರು. ಮಲೆನಾಡಿನಲ್ಲಿ ಹೊಸಳ್ಳಿಗಳಿಗೆ ಬರವೇ! ಮನೆಗೆ ನಂಬರಿಲ್ಲ, ಬೀದಿಯಿಲ್ಲ, ಗುಡ್ಡಕ್ಕೊಂದು ಮನೆ. ಹಾಲಿನ ಡೇರಿ, ಅಶ್ವತ್ಥಕಟ್ಟೆ, ಮುರಿದ ಸಂಕ ಎಂದು ಒಂದೊಂದೇ ಗುರುತು ಹೇಳಬೇಕಾಯಿತು.

ಬಂದ ಇಂಜಿನ್ ಊರಬಾಗಿಲಲ್ಲೇ ನಿಂತಿತು. ಅಲ್ಲಿ ನಾವೇ ಚಂದಾ ಎತ್ತಿ ಕಟ್ಟಿಸಿದ ಸ್ವಾಗತ ಕಮಾನಿದೆ. ತಲೆಯ ಮೇಲೆ ಏಣಿ ಹೊತ್ತ ಗಾಡಿ ಅದರಡಿ ನುಸಿಯುವುದಿಲ್ಲ. ಐದು ಸಾವಿರ ಕೊಟ್ಟಿದ್ದಕ್ಕೆ ಕಮಾನಿನ ಕಲ್ಲಿನಲ್ಲಿ ನನ್ನ ಹೆಸರೂ ಇದೆ. ಗಾಡಿ ಮೂರು ಕಿಲೋಮೀಟರ್ ಸುತ್ತಿ, ಧರೆ ಸವರಿಕೊಂಡು ಹಿತ್ತಿಲ ಕಡೆಯಿಂದ ಬಂತು. ಬೇಲಿ ಬಾಗಿಲಿನ ಉಣಗೋಲು ಸರಿಸಿದರೂ ಸಾಲದೆ ಕಂಬವನ್ನೇ ಕಿತ್ತೆವು.

ನಾನು ಬರೆಯಲು ಕೂತದ್ದು ಮುಖ್ಯವಾಗಿ ನೀರಿನ ವಿಷಯಕ್ಕೆ. ಇಂತಹ ಗಾಡಿಯ ಟ್ಯಾಂಕಿನಲ್ಲಿ ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಕೇಳಲು ದೊಡ್ಡದು, ಎರಡು ಪೈಪು ಒಟ್ಟಿಗೆ ಬಿಟ್ಟರೆ ಹತ್ತು ನಿಮಿಷಕ್ಕೂ ಬಾರದು. ಗೊಣಬೆಯೆಂದರೆ ಮೇಲೆ ಸುರಿದ ನೀರು ಸೋಗೆ ಮಾಡಿನ ಮೇಲಿನ ಮಳೆಯಂತೆ ಹರಿದುಹೋಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಇಂಜಿನ್ ಜೊತೆ ಬಂದ ಹುಡುಗರು ಕೊಕ್ಕೆ ಹಾಕಿ ಒಂದೊಂದೇ ಪದರ ಎಳೆದು ನೆನೆಸಬೇಕಾಯಿತು. ಕೊಟ್ಟಿಗೆ ಉಳಿದದ್ದು ಅದರಿಂದಲೇ. ಅರ್ಧ ಕೆಲಸವಾಗುವಾಗ ಟ್ಯಾಂಕ್ ಬರಿದಾಯಿತು. ‘ಯಜಮಾನ್ರೇ, ಹತ್ರ ಎಲ್ಲಿ ನೀರು ತುಂಬಿಸ್ಕಳದು?’ ಎಂದು ಕೇಳಿದರು. ಬಾವಿ ತೋರಿಸಿದೆ. ಬಗ್ಗಿ ನೋಡಿ ತಲೆಯಾಡಿಸಿದರು. ಮೇಲೆ ನಿಂತ ಪಂಪು ಏಳು ಮೀಟರಿಗಿಂತ ಆಳದ ನೀರನ್ನು ಎಳೆಯುವುದು ಕಷ್ಟವಂತೆ. ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ನಲವತ್ತು ಅಡಿ ಕೆಳಗೆ. ತೋಟದ ಕೆರೆಯಲ್ಲಿ ನೀರಿತ್ತು, ಆದರೆ ಏರಿಯ ಮೇಲೆ ಅಷ್ಟು ಭಾರದ ಗಾಡಿ ನಿಲ್ಲುವಂತಿರಲಿಲ್ಲ. ಪಕ್ಕದ ಊರಿನ ಕೆರೆಗೆ ಹೋಗಿ ತುಂಬಿಸಿಕೊಂಡು ಬರುವವರೆಗೆ ನಾವು ಕೊಡಪಾನ ಹಿಡಿದು ನಿಂತಿದ್ದೆವು.

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕರು ಸತ್ತ ನೆನಪಿಗೆ. ಆ ಹಡಗಿನಲ್ಲಿ ಮದ್ದುಗುಂಡಿನ ಜೊತೆ ಹತ್ತಿಯ ಬೇಲುಗಳಿದ್ದವು. ಗಂಟೆಗಟ್ಟಲೆ ನೀರು ಹೊಡೆದರೂ ಬೆಂಕಿಯ ಮೂಲ ಸಿಕ್ಕಿರಲಿಲ್ಲ. ಗೊಣಬೆಯ ಮುಂದೆ ನಿಂತ ಮೇಲೆ ಆ ಸಂಗತಿ ನನಗೆ ಅರ್ಥವಾಯಿತು.

ಸಪ್ತಾಹದಲ್ಲಿ ಪೇಟೆಯ ಬಸ್ ನಿಲ್ದಾಣದಲ್ಲಿ ಸಿಲಿಂಡರ್ ಬೆಂಕಿ ಆರಿಸಿ ತೋರಿಸುತ್ತಾರೆ, ಒಳ್ಳೆಯದೇ. ಆದರೆ ಒಂದು ದಿನವಾದರೂ ಗಾಡಿಯನ್ನು ಹಳ್ಳಿ ದಾರಿಯಲ್ಲಿ ಓಡಿಸಿ ನೋಡಲಿ. ಪಂಚಾಯಿತಿಯವರೂ ಜೊತೆಗಿರಲಿ. ಯಾವ ಕೆರೆಯಲ್ಲಿ, ಯಾವ ಕೃಷಿ ಹೊಂಡದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಅಲ್ಲಿ ಗಾಡಿ ನಿಲ್ಲುತ್ತದೆಯೇ, ಯಾವ ಮೋರಿ ಭಾರ ತಡೆಯುತ್ತದೆ ಎಂದು ಬರೆದಿಟ್ಟು, ಒಂದು ಪ್ರತಿ ಠಾಣೆಯ ಗೋಡೆಗೆ ಅಂಟಿಸಿದರೆ ಸಾಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮಳೆಗಾಲದಲ್ಲಿ ತುಂಗೆಯ ರಾಮಮಂಟಪ ಮುಳುಗಿದಾಗ, ಬಾವಿಗೆ ದನ ಬಿದ್ದಾಗ, ದಾರಿಗೆ ಮರ ಉರುಳಿದಾಗ ನಾವು ಕರೆಯುವುದೂ ಇದೇ ಹುಡುಗರನ್ನು. ಅಂದು ಕತ್ತಲಾಗುವವರೆಗೆ ಬೂದಿ ಕೆದಕಿ ನೋಡಿದ ಅವರು ಒಂದು ಲೋಟ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ನಮ್ಮ ಕೆರೆ ಏರಿಯ ಪಕ್ಕ ಕಲ್ಲು ಜಲ್ಲಿ ಹಾಕಿಸಿ ಗಾಡಿ ನಿಲ್ಲುವಷ್ಟು ಜಾಗ ಮಾಡಿಸಿದ್ದೇನೆ. ಯಾರ ಮನೆಗೆ ಬೆಂಕಿ ಬಿದ್ದರೂ ತುಂಬಿಸಿಕೊಳ್ಳಬಹುದು. ಕಮಾನಿನ ಮಾತು ಎತ್ತಿದಾಗ ಮಾತ್ರ ಊರ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು