ಹಳೇ ಸಿಡಿ ಹೊರಗೆ ತೆಗೆಯುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಹಳೇ ಸಿಡಿಗಳಲ್ಲಿರುವ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ ಅಂತ ಸುಮಾರು ಜನ ಕೇಳಿದ್ದೀರಿ. ಅದಕ್ಕೇ ಈ ನಾಲ್ಕು ಮಾತು.

ಸಿಡಿಯನ್ನು ಅಂಚು ಮತ್ತು ನಡುವಿನ ತೂತು ಹಿಡಿದು ಎತ್ತಿ. ಹೊಳೆಯುವ ಕೆಳಭಾಗದ ಬಗ್ಗೆ ಎಲ್ಲರೂ ಹುಷಾರು, ಅಲ್ವಾ? ಆದರೆ ಸಿಡಿಯಲ್ಲಿ ಮಾಹಿತಿ ಕೂತಿರುವುದು ನಾವು ಹೆಸರು ಬರೆಯುವ ಮೇಲ್ಭಾಗಕ್ಕೆ ಅಂಟಿಕೊಂಡೇ. ಅದರ ಮೇಲೆ ತೆಳ್ಳಗಿನ ಒಂದು ಲೇಪ, ಅಷ್ಟೇ. ಬಾಲ್‌ಪೆನ್ನಿನಲ್ಲಿ ಒತ್ತಿ ತಾರೀಖು ಬರೆದು ನಾನೇ ಒಂದನ್ನು ಹಾಳು ಮಾಡಿಕೊಂಡಿದ್ದೇನೆ. ಬೆಳಕಿಗೆ ಹಿಡಿದರೆ ಅಕ್ಷರದ ಗೀರಿನಲ್ಲೇ ಬೆಳಕು ತೂರಿ ಬರುತ್ತಿತ್ತು! ಮೆತ್ತನೆ ತುದಿಯ ಸಿಡಿ ಮಾರ್ಕರ್ ಬಳಸಿ. ಕಾಗದದ ಲೇಬಲ್ ಅಂಟಿಸಬೇಡಿ.

ಧೂಳಿದ್ದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಸುತ್ತಲೂ ಬಿದ್ದ ಗೀರು ಓದುವ ದಾರಿಯುದ್ದಕ್ಕೂ ಸಾಗುತ್ತದೆ, ಅಡ್ಡ ಗೀರಿನಷ್ಟು ಸುಲಭವಾಗಿ ಡ್ರೈವ್ ಅದನ್ನು ಸುಧಾರಿಸಿಕೊಳ್ಳುವುದಿಲ್ಲ.

ಟ್ರೇಯನ್ನು ಕೈಯಲ್ಲಿ ದೂಡಬೇಡಿ, ಬಟನ್ ಒತ್ತಿ. ಸಿಕ್ಕಿಹಾಕಿಕೊಂಡರೆ ಕಂಪ್ಯೂಟರ್ ಆಫ್ ಮಾಡಿ. ಬಹಳಷ್ಟು ಡ್ರೈವ್‌ಗಳ ಮುಂಭಾಗದಲ್ಲಿ ಸಣ್ಣ ತೂತೊಂದಿರುತ್ತದೆ, ನೇರ ಮಾಡಿದ ಪೇಪರ್ ಕ್ಲಿಪ್ಪಿನಿಂದ ಅದರೊಳಗೆ ಒತ್ತಿದರೆ ಟ್ರೇ ಸ್ವಲ್ಪ ಹೊರಗೆ ಬರುತ್ತದೆ. ನಡುವಿನ ತೂತಿನ ಹತ್ತಿರ ಸೀಳಿರುವ ಸಿಡಿಯನ್ನಂತೂ ಹಾಕಲೇಬೇಡಿ. ವೇಗವಾಗಿ ತಿರುಗುವಾಗ ಒಳಗೇ ಚೂರಾಗಬಹುದು.

ಯಾವ ಸಿಡಿಯಾದರೂ ಓದದೆ ಹಟ ಮಾಡಿದರೆ ಇಲ್ಲೇ ಹೇಳಿ, ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡೋಣ.