ಸೈಬರ್ ಎಚ್ಚರಿಕೆಯ ಮಾತು ಗಡಿನಾಡಿಗೆ ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಪೆರ್ಲ ಪೇಟೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಸಣ್ಣದೊಂದು ಪ್ರೆಸ್ ನಡೆಸುತ್ತಿದ್ದೇನೆ. ಮದುವೆ ಕಾಗದ, ಬಯಲಾಟದ ನೋಟೀಸು, ಅಂಗಡಿಗಳ ಬಿಲ್ ಪುಸ್ತಕ, ಬ್ರಹ್ಮಕಲಶದ ಆಮಂತ್ರಣ ನನ್ನ ಮುಖ್ಯ ಕೆಲಸ. ಜೊತೆಗೆ ಝೆರಾಕ್ಸ್, ಡಿಟಿಪಿ. ಎರಡು ಕಂಪ್ಯೂಟರ್, ಕೆಲಸಕ್ಕೆ ಒಬ್ಬಳು ಹುಡುಗಿ. ಕಂಪ್ಯೂಟರ್ ಕಳ್ಳರು ಬ್ಯಾಂಕಿಗೋ ದೊಡ್ಡ ಕಂಪೆನಿಗೋ ಕೈ ಹಾಕುತ್ತಾರೆ, ನಮ್ಮ ಹತ್ತಿರ ಅವರಿಗೇನು ಸಿಗುತ್ತದೆ ಅಂತ ನಂಬಿದ್ದೆ. ಕಳೆದ ಮಳೆಗಾಲದಲ್ಲಿ ಆ ನಂಬಿಕೆ ಹೋಯಿತು. ನನಗೆ ಆದದ್ದು ಬದಿಯಡ್ಕ, ಸೀತಾಂಗೋಳಿ, ಉಪ್ಪಳದ ಅಂಗಡಿಯವರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅವತ್ತು ಸೋಮವಾರ. ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಎರಡನೇ ಪ್ರೂಫ್ ಕೊಡಬೇಕಿತ್ತು. ಬೆಳಿಗ್ಗೆ ಫೋಲ್ಡರ್ ತೆರೆದೆ. ಫೈಲುಗಳ ಹೆಸರೆಲ್ಲ ಇದ್ದ ಹಾಗೆಯೇ ಇತ್ತು. ಆದರೆ ಪ್ರತಿಯೊಂದರ ಕೊನೆಗೂ ನಾಲ್ಕು ಇಂಗ್ಲಿಷ್ ಅಕ್ಷರ ಹೊಸದಾಗಿ ಅಂಟಿಕೊಂಡಿತ್ತು. ಫೋಟೋಗಳು ಕಾಣಬೇಕಾದ ಕಡೆ ಸಾಲಾಗಿ ಬಿಳಿ ಹಾಳೆಯ ಗುರುತು. ಹಳೆಯ ವಿದ್ಯಾರ್ಥಿಗಳು ಮನೆಯ ಪೆಟ್ಟಿಗೆಯಿಂದ ಹುಡುಕಿ ತಂದುಕೊಟ್ಟ ಕಪ್ಪು ಬಿಳುಪು ಫೋಟೋಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಒಂದೂ ತೆರೆಯಲಿಲ್ಲ. ಎಲ್ಲ ಫೋಲ್ಡರಿನಲ್ಲೂ ಒಂದು ಚೀಟಿ ಬಿದ್ದಿತ್ತು. 980 ಡಾಲರ್ ಕೊಟ್ಟರೆ ಬೀಗ ತೆಗೆದುಕೊಡುತ್ತೇವೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್ ಸಾಕು, ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಇದಕ್ಕೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದೇ ಆ ದಿನ.

ಬಂದದ್ದು ಹೇಗೆ ಅಂತ ಆಮೇಲೆ ತಿಳಿಯಿತು. ಎರಡು ದಿನ ಮೊದಲು ಫೋಟೋ ತಿದ್ದುವ ಒಂದು ಸಾಫ್ಟ್‌ವೇರಿನ ಕ್ರ್ಯಾಕ್ ಪ್ರತಿ, ಅಂದರೆ ದುಡ್ಡು ಕೊಡದೆ ನಡೆಯುವ ಹಾಗೆ ಮಾಡಿದ ಕಳ್ಳ ಪ್ರತಿ, ಇಳಿಸಿಕೊಂಡಿದ್ದೆ. 'ಆಂಟಿವೈರಸ್ ಆಫ್ ಮಾಡಿ, ನಂತರ ಇನ್‌ಸ್ಟಾಲ್ ಮಾಡಿ' ಅಂತ ಅದರ ಜೊತೆಗೇ ಬರೆದಿತ್ತು. ಹಾಗೆಯೇ ಮಾಡಿದೆ. ಬಾಗಿಲು ನಾನೇ ತೆರೆದುಕೊಟ್ಟ ಹಾಗಾಯಿತು. ನಮ್ಮ ಕಸುಬಿನಲ್ಲಿ ಕ್ರ್ಯಾಕ್ ಹಾಕುವುದು ಜಾಸ್ತಿ. ಅದನ್ನು ತಪ್ಪು ಅಂತ ಯಾರೂ ಎಣಿಸುವುದಿಲ್ಲ. ಆದರೆ ಈ ಬಗೆಯ ಬೀಗ ಹಾಕುವ ವೈರಸ್ ಹೆಚ್ಚಾಗಿ ಬರುವುದೇ ಆ ದಾರಿಯಿಂದ.

ದುಡ್ಡು ಕೊಡಲಿಲ್ಲ. ಕೊಟ್ಟರೂ ಫೈಲು ಬರುತ್ತದೆ ಅನ್ನುವ ಖಾತ್ರಿ ಇಲ್ಲ. 'ನೋ ಮೋರ್ ರ‍್ಯಾನ್ಸಮ್' ಅಂತ ಒಂದು ಜಾಲತಾಣ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಕೆಲವು ಭದ್ರತಾ ಕಂಪೆನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಬೀಗ ಬಿದ್ದ ಒಂದೆರಡು ಫೈಲು ಅಲ್ಲಿ ಹಾಕಿದರೆ ಯಾವ ವೈರಸ್ ಅಂತ ಹೇಳುತ್ತದೆ, ಅದರ ಕೀಲಿಕೈ ಇದ್ದರೆ ಪುಕ್ಕಟೆ ಕೊಡುತ್ತದೆ. ನನ್ನದಕ್ಕೆ ಇರಲಿಲ್ಲ. ಮುಂದೆಂದಾದರೂ ಸಿಕ್ಕೀತು ಅಂತ ಆ ಫೈಲುಗಳನ್ನು ಅಳಿಸದೆ ಇಟ್ಟಿದ್ದೇನೆ. ಏಪ್ರಿಲಿನ ಬಿಸು ಹಬ್ಬಕ್ಕೆ ಮೊದಲು ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟದ್ದರಿಂದ ಹಳೆಯ ಕೆಲಸಗಳು ಉಳಿದವು. ಅದರ ನಂತರದ್ದೆಲ್ಲ ಹೋಯಿತು. ಸ್ಮರಣ ಸಂಚಿಕೆಯ ಲೇಖನಗಳ ಕೈಬರಹ ಪುಣ್ಯಕ್ಕೆ ಕಟ್ಟು ಕಟ್ಟಿ ಮೂಲೆಯಲ್ಲಿ ಇಟ್ಟಿದ್ದೆ. ನಾನೂ ಹುಡುಗಿಯೂ ಹನ್ನೊಂದು ರಾತ್ರಿ ಕೂತು ಮೊದಲಿನಿಂದ ಟೈಪ್ ಮಾಡಿದೆವು. ಫೋಟೋಗಳಿಗಾಗಿ ಅದೇ ಹಿರಿಯರ ಮನೆ ಬಾಗಿಲಿಗೆ ಮತ್ತೆ ಹೋದೆ. 'ಪರವಾಗಿಲ್ಲಕ್ಕಾ' ಅಂತ ಹೇಳಿ ಎರಡನೇ ಸಲ ಪೆಟ್ಟಿಗೆ ತೆರೆದರು. ಆ ಋಣ ದೊಡ್ಡದು.

ಇನ್ನು ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಆದ ಮೇಲೆ ಭದ್ರತೆಗೆ ಎಷ್ಟು ಖರ್ಚಾಗಬಹುದು ಅಂತ ಹೆದರಿದ್ದೆ. ಮಂಗಳೂರಿನಲ್ಲಿ ಕಲಿಯುವ ನನ್ನ ಅಕ್ಕನ ಮಗ ಒಂದು ಭಾನುವಾರ ಬಂದು ಎಲ್ಲ ಮಾಡಿಕೊಟ್ಟ. ಖರ್ಚಾದದ್ದು ಎರಡು ಹಾರ್ಡ್ ಡಿಸ್ಕಿಗೆ ಮಾತ್ರ, ಒಂಬತ್ತು ಸಾವಿರದ ಹತ್ತಿರ. ಉಳಿದದ್ದೆಲ್ಲ ಪುಕ್ಕಟೆ.

ಮೊದಲು ಆ ಡಿಸ್ಕುಗಳ ಮಾತು. ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಒಂದಕ್ಕೆ ನಕಲು ಮಾಡಿ, ಕೂಡಲೇ ವಯರು ಕಿತ್ತು ಡ್ರಾಯರಿನಲ್ಲಿ ಇಡುತ್ತೇನೆ. ಶನಿವಾರ ಇನ್ನೊಂದಕ್ಕೆ ಮಾಡಿ ಮನೆಗೆ ಒಯ್ಯುತ್ತೇನೆ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಅಂಗಡಿಯಿಂದ ಹೊರಗೆ ಅನ್ನುವುದು ಇದರ ಲೆಕ್ಕ. ಕಿತ್ತಿಡುವುದೇ ಮುಖ್ಯ. ಸಿಕ್ಕಿಸಿಯೇ ಬಿಟ್ಟರೆ ವೈರಸ್ ಡಿಸ್ಕಿಗೂ ಬೀಗ ಹಾಕುತ್ತದೆ. ತುಲಾ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ಕೀಳುತ್ತೇವೆ ಅಲ್ವಾ? ಅದೇ ಅಭ್ಯಾಸ ಇಲ್ಲಿಯೂ ಬೇಕು.

ಹಳೆಯ ಕಂಪ್ಯೂಟರಿನ ಕತೆ ಬೇರೆ. ಪುಟ ಜೋಡಿಸಲು ನಮ್ಮ ಪ್ರೆಸ್ಸಿನವರು ಬಳಸುವ ಪೇಜ್‌ಮೇಕರ್ 2001ರದ್ದು, ಅದರ ನಂತರ ದೊಡ್ಡ ಹೊಸ ಆವೃತ್ತಿ ಬರಲೇ ಇಲ್ಲ. ಹಳೆಯ ಕನ್ನಡ ಫಾಂಟಿನಲ್ಲಿ ಮಾಡಿದ ಸಾವಿರಾರು ಫೈಲು ಅದರಲ್ಲೇ ಇವೆ. ಅದಕ್ಕಾಗಿ ವಿಂಡೋಸ್ 7 ಇಟ್ಟುಕೊಂಡಿದ್ದೇವೆ. ಆದರೆ 2020ರ ಜನವರಿಯಿಂದ ಅದಕ್ಕೆ ಭದ್ರತೆಯ ಅಪ್‌ಡೇಟ್ ನಿಂತಿದೆ. ನಾನು ಮಾಡಿದ್ದು ಇಷ್ಟೇ, ಆ ಕಂಪ್ಯೂಟರಿನ ಇಂಟರ್ನೆಟ್ ವಯರನ್ನೇ ತೆಗೆದೆ. ಅದು ಪೇಜ್‌ಮೇಕರಿಗೆ ಮಾತ್ರ. ಗಿರಾಕಿಗಳು ತರುವ ಪೆನ್ ಡ್ರೈವ್ ಅದಕ್ಕೆ ನೇರ ಹಾಕುವುದಿಲ್ಲ. ಮೊದಲು ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡುತ್ತೇವೆ.

ವಿಂಡೋಸ್ 10 ಇರುವವರು ಇದನ್ನು ಗಮನಿಸಬೇಕು. ಅದರ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ದುಡ್ಡಿಲ್ಲದೆ ವಿಸ್ತರಣೆ ಸಿಗುವ ವ್ಯವಸ್ಥೆ ಇದೆ. ಅಪ್‌ಡೇಟ್ ಅಂದರೆ ಸುಮ್ನೆ ಕಿರಿಕಿರಿ ಅಂತ ನಾನೂ ಮುಂದೂಡುತ್ತಿದ್ದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ನಮ್ಮ ಕೇರಳದಲ್ಲೇ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತ್ ಕಚೇರಿಯ ಕಂಪ್ಯೂಟರುಗಳಿಗೆ ಬೀಗ ಹಾಕಿತ್ತು. ಅದು ಒಳಗೆ ನುಗ್ಗಿದ ವಿಂಡೋಸಿನ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿಯೇ ಕೊಟ್ಟಿತ್ತು.

ಆಂಟಿವೈರಸ್ಸಿಗೆ ಬೇರೆ ದುಡ್ಡು ಕೊಟ್ಟಿಲ್ಲ. ವಿಂಡೋಸಿನ ಒಳಗೇ ಡಿಫೆಂಡರ್ ಇದೆ. ಅದರಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತ ಒಂದು ಗುಂಡಿ ಇದೆ, ಸಾಮಾನ್ಯವಾಗಿ ಆಫ್ ಇರುತ್ತದೆ. ಅದನ್ನು ಆನ್ ಮಾಡಿದರೆ ಪರಿಚಯ ಇಲ್ಲದ ಸಾಫ್ಟ್‌ವೇರ್ ನಮ್ಮ ಫೋಲ್ಡರಿನಲ್ಲಿ ಕೈಯಾಡಿಸಲು ಬಿಡುವುದಿಲ್ಲ. ಕೆಲವೊಮ್ಮೆ ನಮ್ಮದೇ ಸಾಫ್ಟ್‌ವೇರನ್ನೂ ತಡೆಯುತ್ತದೆ, ಒಂದು ಸಲ ಒಪ್ಪಿಗೆ ಕೊಟ್ಟರೆ ಆಯಿತು. ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ. ಅದರ ತಾಣದಲ್ಲಿಯೂ ವೈರಸ್ ತೆಗೆಯುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಜೀಮೇಲಿಗೂ ವಾಟ್ಸ್‌ಆ್ಯಪಿಗೂ ಎರಡು ಹಂತದ ಬೀಗ (ಒಂದು ಗುಟ್ಟು ಸಿಕ್ಕಿದರೆ ಸಾಲದು, ಎರಡನೆಯದೂ ಬೇಕು) ಹಾಕಿದೆ. ಕ್ರ್ಯಾಕ್ ಪೂರಾ ಬಿಟ್ಟೆ. ಈಗ ಇಂಕ್‌ಸ್ಕೇಪ್, ಸ್ಕ್ರೈಬಸ್ ಅನ್ನುವ ಚಿತ್ರ, ಪುಟ ವಿನ್ಯಾಸದ ಸಾಫ್ಟ್‌ವೇರ್ ಕಲಿಯುತ್ತಿದ್ದೇವೆ, ಎರಡೂ ಪುಕ್ಕಟೆ, ಯಾವ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್ ಕನ್ನಡ ಬರುತ್ತದೆ. ಹುಡುಗಿ ನನಗಿಂತ ಬೇಗ ಕಲಿತಳು.

ಇನ್ನು ಎಐ, ಅಂದರೆ ಕೃತಕ ಬುದ್ಧಿಮತ್ತೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರೂಫ್ ನೋಡಿ ಪಳಗಿದ ಕಣ್ಣು ನನ್ನದು. ಮೊದಲೆಲ್ಲ ಮೋಸದ ಮೆಸೇಜು ಬಂದರೆ ಮೊದಲ ಸಾಲಿನಲ್ಲೇ ಹಿಡಿಯುತ್ತಿದ್ದೆ. 'ನಿಮ್ಮ ಖಾತೆ ಮುಚ್ಚು ಆಗಿದೆ' ಅಂತ ಯಾವ ಬ್ಯಾಂಕೂ ಬರೆಯುವುದಿಲ್ಲ. ಒತ್ತು ತಪ್ಪು, ದೀರ್ಘ ತಪ್ಪು, ವಿಭಕ್ತಿ ತಪ್ಪು ಕಂಡರೆ ಅಲ್ಲಿಗೆ ಮುಗಿಯಿತು. ಈಗ ಆ ಗುರುತು ಹೋಗಿದೆ. ಎಐ ಕೈಯಲ್ಲಿ ಬರೆಸಿದ ಮೆಸೇಜಿನ ಕನ್ನಡ ಚೊಕ್ಕವಾಗಿರುತ್ತದೆ. ಮೊನ್ನೆ ಬಂದ ಒಂದರಲ್ಲಿ ಒಂದು ಅಕ್ಷರ ತಿದ್ದಲು ಇರಲಿಲ್ಲ. 'ಮದುವೆ ಆಮಂತ್ರಣ' ಅಂತ ಒಂದು ಫೈಲು, ಕೆಳಗೆ ಸವಿನಯ ಒಕ್ಕಣೆ. ನಮಗೆ ದಿನಕ್ಕೆ ಹತ್ತು ಮದುವೆ ಕಾಗದ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಹುಡುಗಿ ಇನ್ನೇನು ಒತ್ತಬೇಕು, ಹೆಸರಿನ ಕೊನೆಯಲ್ಲಿ ಪಿಡಿಎಫ್ ಬದಲು ಎಪಿಕೆ ಅಂತ ಇದ್ದದ್ದು ಕಂಡಿತು. ಎಪಿಕೆ ಅಂದರೆ ಕಾಗದ ಅಲ್ಲ, ಫೋನಿನೊಳಗೆ ಕೂರುವ ಆ್ಯಪ್. ಕೂತರೆ ಒಟಿಪಿ ಎಲ್ಲ ಅವರ ಕೈಗೆ. ಗಾಡಿಯ ಚಲನ್ ಅಂತ ಬರುವುದೂ ಇದೇ ಜಾತಿಯದ್ದು. ಈಗ ನಾನು ಭಾಷೆ ನೋಡುವುದಿಲ್ಲ, ಫೈಲಿನ ಬಾಲ ನೋಡುತ್ತೇನೆ.

ಅದೇ ಎಐ ನಮಗೂ ಉಪಯೋಗ ಇದೆ. ನಾನು ಓದಿದ್ದು ಕನ್ನಡ ಮಾಧ್ಯಮ. ಮಲಯಾಳ ಮಾತಾಡುತ್ತೇನೆ, ಓದಲು ನಿಧಾನ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಂಶಯದ ಮೆಸೇಜು ಬಂದರೆ ಜೆಮಿನಿಗೋ ಚಾಟ್‌ಜಿಪಿಟಿಗೋ ಹಾಕಿ 'ಇದರಲ್ಲಿ ಏನಿದೆ, ಮೋಸದ ಲಕ್ಷಣ ಇದೆಯಾ' ಅಂತ ಕನ್ನಡದಲ್ಲೇ ಕೇಳುತ್ತೇನೆ. ಪುಕ್ಕಟೆ ಆವೃತ್ತಿಯೇ ಸಾಕು. ಕಂಪ್ಯೂಟರಿನಲ್ಲಿ ಅರ್ಥವಾಗದ ಸೂಚನೆ ಬಂದರೂ ಬಿಡಿಸಿ ಹೇಳುತ್ತದೆ. ಆದರೆ ಅದರ ಮಾತೇ ಕೊನೆಯಲ್ಲ. ಒಮ್ಮೆ ನಿಜವಾದ ವಿದ್ಯುತ್ ಬಿಲ್ಲಿನ ಮೆಸೇಜನ್ನು ಮೋಸ ಅಂತ ಖಂಡಿತವಾಗಿ ಹೇಳಿತು. ಹಾಗಾಗಿ ದುಡ್ಡಿನ ವಿಷಯ ಆದರೆ ಕಚೇರಿಗೇ ಫೋನ್ ಮಾಡುತ್ತೇನೆ, ಮೆಸೇಜಿನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಮತ್ತೊಂದು, ಗಿರಾಕಿಯ ಆಧಾರ್, ಪಾಸ್‌ಬುಕ್, ಫೋನ್ ನಂಬರ್ ಇರುವ ಯಾವುದನ್ನೂ ಎಐಗೆ ಹಾಕುವುದಿಲ್ಲ. ಫೈಲು ಪರೀಕ್ಷೆ ಮಾಡುವ ವೈರಸ್‌ಟೋಟಲ್ ತಾಣಕ್ಕೂ ಹಾಕುವುದಿಲ್ಲ, ಅಲ್ಲಿ ಹಾಕಿದ್ದನ್ನು ಬೇರೆಯವರೂ ನೋಡಬಹುದು.

ಝೆರಾಕ್ಸ್ ಅಂಗಡಿಯವರು ಈ ಆಧಾರ್ ವಿಷಯದಲ್ಲಿ ಮನಸ್ಸಿಡಬೇಕು ಅಂತ ಕೈಮುಗಿದು ಕೇಳುತ್ತೇನೆ. ಜನ ನಮ್ಮನ್ನು ನಂಬಿ ವಾಟ್ಸ್‌ಆ್ಯಪಿಗೆ ಕಳಿಸುತ್ತಾರೆ. ವೈರಸ್ ಹೊಕ್ಕ ದಿನ ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಅಂಥ ಪ್ರತಿಗಳು ನಾಲ್ಕುನೂರಕ್ಕೂ ಮೇಲೆ ಇದ್ದವು. ಅವು ಯಾರ ಕೈಗಾದರೂ ಹೋಗಿರಬಹುದಾ ಅಂತ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರಿಂಟ್ ಕೊಟ್ಟ ಕೂಡಲೇ ಗಿರಾಕಿಯ ಎದುರೇ ಅಳಿಸುತ್ತೇವೆ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ನಡೆಯುವ ಕಡೆ ಅದನ್ನೇ ಕೊಡಿ ಅಂತ ಹೇಳುತ್ತೇವೆ.

ಇದರಲ್ಲಿ ಒಂದನ್ನಾದರೂ ಮೊದಲೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ನನ್ನ ಹನ್ನೊಂದು ರಾತ್ರಿ ಉಳಿಯುತ್ತಿತ್ತು. ಗಡಿಯ ಈಚೆ ಇರುವ ನಮಗೆ ಎಚ್ಚರಿಕೆಯ ಮಾತು ಹೆಚ್ಚಾಗಿ ತಲುಪುವುದು ಮಲಯಾಳ ಅಥವಾ ಇಂಗ್ಲಿಷಿನಲ್ಲಿ. ಮೋಸದ ಮೆಸೇಜು ಮಾತ್ರ ಚೊಕ್ಕ ಕನ್ನಡದಲ್ಲಿ ಬರುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು ಅವಕಾಶ ಇದೆ. ಅದೇ ಮನಸ್ಸಿನಿಂದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಕ್ಷಯ ಕೇಂದ್ರ (ಸರಕಾರಿ ಆನ್‌ಲೈನ್ ಸೇವೆಯ ಕೇಂದ್ರ), ಪಂಚಾಯತ್, ಪೊಲೀಸ್ ಠಾಣೆಗಳಲ್ಲಿ ಕನ್ನಡದ ಒಂದು ಸೈಬರ್ ಸೂಚನಾ ಹಾಳೆ ಅಂಟಿಸಬಹುದಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಮಾಡಿದಷ್ಟು ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ, ಅನ್ನುವುದು ಅದರಲ್ಲಿ ಮೊದಲ ಸಾಲು ಆಗಲಿ. ವ್ಯಾಪಾರಿ ಸಂಘಗಳು ವರ್ಷಕ್ಕೊಮ್ಮೆ ಅರ್ಧ ದಿನದ ತರಬೇತಿ ಕನ್ನಡದಲ್ಲಿ ಇಡಲಿ. ನಿಮ್ಮ ಪತ್ರಿಕೆಯೂ ವಾರಕ್ಕೊಂದು ಸಣ್ಣ ಚೌಕಟ್ಟು ಕೊಟ್ಟರೆ ಬಹಳ ಉಪಕಾರ.

ಹಾಳೆಯ ಕರಡು ನಾನು ಬರೆದಿಟ್ಟಿದ್ದೇನೆ. ಎ4 ಅಳತೆ, ಒಂದೇ ಬಣ್ಣ, ದೂರದಿಂದಲೂ ಓದುವಂಥ ದಪ್ಪ ಅಕ್ಷರ. ಪೊಲೀಸ್ ಇಲಾಖೆಯವರು ಅಥವಾ ಈ ವಿಷಯ ಗೊತ್ತಿರುವ ಯಾರಾದರೂ ನೋಡಿ ತಿದ್ದಿ ಕೊಟ್ಟರೆ ಸಾವಿರ ಪ್ರತಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಕಾಗದವೂ ಮಸಿಯೂ ನನ್ನದೇ. ಸಂಬಂಧಪಟ್ಟವರು ಪೆರ್ಲ ಪೇಟೆಗೆ ಬಂದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅಂಗಡಿಯಲ್ಲೇ ಇರುತ್ತೇನೆ.

— ಪ್ರೆಸ್ ಮಾಲಕಿ, ಪೆರ್ಲ, ಕಾಸರಗೋಡು