ಲೀಡ್ಸ್‌ನಲ್ಲಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ಮೊಮ್ಮಗಳಿಗೆ ಮಾತು ಬರುತ್ತಿದೆ ಎಂದು ಓದಿ ಬಹಳ ಸಂತೋಷವಾಯಿತು. ಶಿಶುವಿಹಾರದವರು ಮಗುವಿಗೆ ಅತ್ತಿಗೆಯವರನ್ನು ‘ನ್ಯಾನಾ’ ಎಂದು ತೋರಿಸುತ್ತಾರೆ, ‘ಗ್ರ್ಯಾನಿ’ ಎಂದಿದ್ದರೆ ಗೌರವವಿರುತ್ತಿತ್ತು ಎಂದು ಅವರು ನೊಂದುಕೊಂಡಿದ್ದಾರೆಂದು ಬರೆದಿದ್ದೀಯ. ನೊಂದುಕೊಳ್ಳಬೇಕಾದದ್ದು ಏನೂ ಇಲ್ಲ, ಎರಡೂ ಇಂಗ್ಲಿಷಿನಲ್ಲಿ ಅಜ್ಜಿಯನ್ನು ಕರೆಯುವ ಪದಗಳೇ. ಹಿಂದಿಯಲ್ಲಿ ನಾನಾ ಎಂದರೆ ತಾಯಿಯ ತಂದೆ. ಆದರೆ ನೀವಿರುವ ಉತ್ತರ ಇಂಗ್ಲೆಂಡಿನ ಮನೆಗಳಲ್ಲಿ ನ್ಯಾನಾ ಎಂದರೆ ಮಡಿಲೇರಿ ಕೂತ ಮಗುವಿನ ಸಲಿಗೆಯ ಕರೆ. ‘ನ್ಯಾನ್’ ಕೂಡ ಹಾಗೆಯೇ, ದುಡಿಯುವ ವರ್ಗದವರಲ್ಲಿ ಹೆಚ್ಚು ಬಳಕೆಯದು. ಗ್ರ್ಯಾನಿ ಸ್ಕಾಟ್ಲೆಂಡಿನ ಸಾಮಾನ್ಯರ ಮನೆಯಲ್ಲೂ ಉಂಟು, ಅರಮನೆಯಲ್ಲೂ ಉಂಟು: 2022ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಾಗ ಮೊಮ್ಮಗ ರಾಜಕುಮಾರ ವಿಲಿಯಂ ತನ್ನ ಹೇಳಿಕೆಯಲ್ಲಿ ಬಳಸಿದ್ದು ಇದನ್ನೇ. ಅಮೆರಿಕದಲ್ಲಿ ‘ಗ್ರ್ಯಾಂಡ್‌ಮಾ’ದ್ದೇ ಮೇಲುಗೈ. ವೇಲ್ಸ್‌ನಲ್ಲಂತೂ ಇಂಗ್ಲಿಷ್ ಮಾತಿನ ನಡುವೆಯೂ ವೆಲ್ಶ್ ಪದಗಳು ಕೇಳುತ್ತವೆ. ಉತ್ತರದವರಿಗೆ ‘ನೈನ್’, ದಕ್ಷಿಣದವರಿಗೆ ‘ಮಾಮ್‌ಗಿ’.

ಅತ್ತಿಗೆಯವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ ಇದೆ. ನಾವು ಬಸ್ಸಿನಲ್ಲಿ ಗುರುತಿಲ್ಲದ ಮುದುಕಿಗೂ ‘ಬನ್ನಿ ಅಜ್ಜಿ, ಕೂತುಕೊಳ್ಳಿ’ ಎನ್ನುತ್ತೇವೆ. ಅಲ್ಲಿ ಯಾರಿಗೂ ಹಾಗೆ ಗ್ರ್ಯಾನಿ ಎನ್ನಬಾರದು. ಮೊಮ್ಮಕ್ಕಳ ಬಾಯಲ್ಲಿ ಮುದ್ದಾದ ಆ ಪದ ಪರರ ಬಾಯಲ್ಲಿ ‘ಮುದುಕಿ’ ಎಂದು ಹಂಗಿಸಿದ ಹಾಗೆ ಕೇಳಿಸುತ್ತದೆ. ಸರಿಯಾಗಿ ಬೀಳದೆ ಜಾರುವ ಗಂಟಿಗೂ ಅವರು ‘ಗ್ರ್ಯಾನಿ ಗಂಟು’ ಎಂದೇ ಹೆಸರಿಟ್ಟಿದ್ದಾರೆ!

ಆದರೂ ಈ ಪದ ಹೊಸ್ತಿಲು ದಾಟಿ ಗೌರವ ಪಡೆದ ಜಾಗಗಳೂ ಇವೆ. ಅಮೆರಿಕದ ಅಪಲೇಚಿಯ ಬೆಟ್ಟಸೀಮೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ, ಬೇರು ನಾರು ಬಲ್ಲ ಸೂಲಗಿತ್ತಿಯರು ಊರಿಗೆಲ್ಲ ‘ಗ್ರ್ಯಾನಿ’ಯರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನಾಂಗದ ಸೂಲಗಿತ್ತಿಯರಿಗೂ ಇದೇ ಹೆಸರು. ಇಪ್ಪತ್ತನೆಯ ಶತಮಾನದಲ್ಲಿ ಪರವಾನಗಿಯ ಕಾನೂನುಗಳು ಬಂದು, ಹೆರಿಗೆಗಳು ಆಸ್ಪತ್ರೆ ಸೇರಿ, ಅವರ ಕಸುಬು ಕುಗ್ಗಿತು. ಎಷ್ಟೋ ಬಡವರ ಮಕ್ಕಳನ್ನು ಮೊದಲು ಎತ್ತಿಕೊಂಡ ಆ ಕೈಗಳನ್ನು ನೆನೆದಾಗ ನನಗೆ ನಮ್ಮ ಹಳ್ಳಿಗಳ ಸೂಲಗಿತ್ತಿಯರೇ ಕಣ್ಣ ಮುಂದೆ ಬರುತ್ತಾರೆ. ನೀವು ಅಂಗಡಿಯಿಂದ ತರುವ ಹಸಿರು ಸೇಬು ‘ಗ್ರ್ಯಾನಿ ಸ್ಮಿತ್’ ಕೂಡ ನಿಜವಾದ ಒಬ್ಬ ಅಜ್ಜಿಯದೇ. ಸಿಡ್ನಿಯ ಬಳಿಯ ಈಸ್ಟ್‌ವುಡ್‌ನಲ್ಲಿ 1868ರ ಹೊತ್ತಿಗೆ ಅದನ್ನು ಬೆಳೆಸಿದವರು ಮರಿಯಾ ಆನ್ ಸ್ಮಿತ್.

ಶಿಶುವಿಹಾರದಲ್ಲಿ ನ್ಯಾನಾ ಎನ್ನಲಿ, ಬಿಡು. ಮನೆಯಲ್ಲಿ ಮಾತ್ರ ‘ಅಜ್ಜಿ’ ಎಂದೇ ಕಲಿಸಿ. ಮಗುವಿಗೆ ಎರಡೂ ಬರುತ್ತವೆ. ಫೋಟೊ ಕಳುಹಿಸುವುದನ್ನು ಮರೆಯಬೇಡ.

ನಿನ್ನ ಗೆಳೆಯ